ಸೊಪ್ಪು ನಮ್ಮದು, ಮಡಿ ಅವರದು

ವಕ್ಕಲೇರಿಯ ನಮ್ಮ ಕೇರಿಯಲ್ಲಿ ಒಬ್ಬ ಅಕ್ಕ ಇದ್ದಾಳೆ. ಹೆಸರು ಬೇಡ. ಟೊಮೆಟೊ ಬಿಡಿಸೋ ಕೂಲಿಗೆ ಹೋಗ್ತಾಳೆ. ಕುಡಿದವಳಲ್ಲ, ಎಲೆಅಡಿಕೆ ಬಿಟ್ಟರೆ ಬೇರೆ ಚಟ ಕಂಡವಳಲ್ಲ. ಬಲಪಕ್ಕೆಯ ಕೆಳಗೆ ಭಾರ ಭಾರ ಅಂತ ಆರು ತಿಂಗಳು ಸಹಿಸಿಕೊಂಡು, ಕೊನೆಗೆ ಎರಡು ದಿನದ ಕೂಲಿ ಬಿಟ್ಟು ಒಂದು ಆಸ್ಪತ್ರೆಗೆ ಹೋದಳು. ಸ್ಕ್ಯಾನ್ ಮಾಡಿದರು. ಫ್ಯಾಟಿ ಲಿವರ್ ಎಂದರು. ಡಾಕ್ಟರು ಮುಖ ನೋಡಿದರು, ಚೀಟಿ ಮೇಲಿನ ಹೆಸರು ನೋಡಿದರು, ಊರು ಕೇಳಿದರು, ಊರಲ್ಲಿ ಯಾವ ಕಡೆ ಎಂದೂ ಕೇಳಿದರು. ಏನು ತಿಂತೀಯ ಎಂದು ಮಾತ್ರ ಕೇಳಲಿಲ್ಲ. "ನಿಮ್ಮೋರು ಮಾಂಸ ಜಾಸ್ತಿ ಅಲ್ವಾ, ಅದಕ್ಕೇ" ಅಂದರು. ಚೀಟಿಯಲ್ಲಿ ಎರಡೇ ಪದ ಬರೆದುಕೊಟ್ಟರು: ಶುದ್ಧ ಸಸ್ಯಾಹಾರ.

ಅಕ್ಕ ಆ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. ಡಾಕ್ಟರ ಮಾತು, ಮೀರಬಾರದು. ವಾರಕ್ಕೆರಡು ಮೊಟ್ಟೆ ತಿನ್ನುತ್ತಿದ್ದಳು, ಬಿಟ್ಟಳು. ಸಂತೆಯಿಂದ ತರುತ್ತಿದ್ದ ಒಣಮೀನು ಬಿಟ್ಟಳು. ತಿಂಗಳಿಗೊಮ್ಮೆ ಪಾಲು ಹಾಕಿ ತರುತ್ತಿದ್ದ ಮಾಂಸ ಬಿಟ್ಟಳು. ಬಿಡದೆ ಉಳಿದದ್ದು ಏನು? ಬೆಳಿಗ್ಗೆ ಟೀ, ಬನ್ನು. ತೋಟದಲ್ಲಿ ಹತ್ತು ಗಂಟೆಗೆ ಟೀ. ಮಧ್ಯಾಹ್ನ ಬಿಳಿ ಅನ್ನ, ನೀರು ಸಾರು. ನಾಲ್ಕಕ್ಕೆ ಟೀ, ರಸ್ಕು. ರಾತ್ರಿ ಮತ್ತೆ ಅನ್ನ. ಎಲ್ಲವೂ ಶುದ್ಧ ಸಸ್ಯಾಹಾರ! ಸಕ್ಕರೆ ಕಬ್ಬಿನದು, ಮೈದಾ ಗೋಧಿಯದು, ಅನ್ನ ಭತ್ತದ್ದು, ಪಾಮೆಣ್ಣೆ ತಾಳೆಯದು. ಒಂದರಲ್ಲೂ ತೊಟ್ಟು ರಕ್ತ ಇಲ್ಲ. ನಾಲ್ಕು ತಿಂಗಳಾದ ಮೇಲೆ ಟೊಮೆಟೊ ಕ್ರೇಟು ಎತ್ತುವಾಗ ತಲೆ ಸುತ್ತಿ ಬಿದ್ದಳು. ರಕ್ತ ಕಮ್ಮಿ ಎಂದರು. ಪಕ್ಕೆಯ ಭಾರ ಇದ್ದಲ್ಲೇ ಇತ್ತು.

ಗೆಳೆಯರೆ, ನಾವು ಆ ಎರಡು ಪದಗಳ ಮೇಲೆ ಜಗಳಕ್ಕೆ ನಿಂತಿದ್ದೇವೆ. ಎರಡನೆಯ ಪದದ ಮೇಲೆ ನಮಗೆ ತಕರಾರಿಲ್ಲ. ಮೊದಲನೆಯ ಪದದ ಮೇಲಿದೆ. ಸಸ್ಯ ಔಷಧಿಯಾಗಬಹುದು. ಶುದ್ಧ ಎನ್ನುವುದು ಯಾವ ಔಷಧಿಯಂಗಡಿಯ ಸರಕು? ಅದು ಅಗ್ರಹಾರದ ಸರಕು. ಅದನ್ನು ಬಿಳಿ ಕೋಟು ಹಾಕಿಸಿ ಆಸ್ಪತ್ರೆಗೆ ಕರೆತಂದವರು ಯಾರು?

*

ಮೊದಲು ಕಾಯಿಲೆಯನ್ನು ತಿಳಿಯೋಣ. ತಿಳಿಯದೆ ಬೈಯುವುದು ನಮ್ಮ ಚಳವಳಿಯ ರೀತಿಯಲ್ಲ.

ಶಾಲೆಯ ಪುಸ್ತಕ ಅದನ್ನು ಪಿತ್ತಜನಕಾಂಗ ಅನ್ನುತ್ತದೆ. ಡಾಕ್ಟರು ಲಿವರ್ ಅಂತಾರೆ. ತೆಲುಗು ಕನ್ನಡ ಬೆರೆತ ನಮ್ಮ ಕೇರಿಯಲ್ಲಿ ಕಾರ್ಜ ಅಂತೀವಿ. ಒಂದೂವರೆ ಕೇಜಿ ತೂಗುವ ಈ ಕಾರ್ಜ ಹಗಲು ರಾತ್ರಿ ದುಡಿಯೋ ಕೂಲಿ. ನಾವು ತಿಂದದ್ದರಲ್ಲಿ ಬಹುಪಾಲು ಕರುಳಿನಿಂದ ಮೊದಲು ಹೋಗುವುದು ಅದರ ಬಾಗಿಲಿಗೆ. ಮೈಗೆ ಬೇಕಾದ್ದಕ್ಕಿಂತ ಹೆಚ್ಚು ಸಕ್ಕರೆ, ಪಿಷ್ಟ ಬಂದು ಬಿದ್ದರೆ ಅದನ್ನು ಕೊಬ್ಬು ಮಾಡಿ ಇಡುತ್ತದೆ. ನಾವು ಟೀಗೆ ಹಾಕೋ ಸಕ್ಕರೆಯಲ್ಲಿ ಅರ್ಧ ಗ್ಲೂಕೋಸು, ಅರ್ಧ ಫ್ರಕ್ಟೋಸು. ಗ್ಲೂಕೋಸನ್ನು ಮೈಯ ಮಾಂಸಖಂಡಗಳೆಲ್ಲ ಹಂಚಿಕೊಳ್ಳುತ್ತವೆ. ಫ್ರಕ್ಟೋಸಿನ ಬಹುಪಾಲು ಕಾರ್ಜವೊಂದರ ತಲೆ ಮೇಲೇ ಬೀಳುತ್ತದೆ. ಕಾರ್ಜದಲ್ಲಿ ಕೊಬ್ಬು ನೂರಕ್ಕೆ ಐದು ಪಾಲು ಮೀರಿದರೆ ಕಾಯಿಲೆ ಎನ್ನುತ್ತಾರೆ. ಮುಂದೆ ಊತ, ಆಮೇಲೆ ಗಾಯದ ಕಲೆ, ಕೊನೆಗೆ ಕಲ್ಲಿನಂತೆ ಗಟ್ಟಿಯಾಗಿ ಕೈ ಚೆಲ್ಲುತ್ತದೆ. ಎಷ್ಟೋ ವರ್ಷ ನೋವೇ ಇರುವುದಿಲ್ಲ. ನಮ್ಮ ಜನರ ಹಾಗೆ, ಬಾಯಿ ಬಿಡದೆ ಸಹಿಸುವ ಅಂಗ ಅದು.

ಇದು ಶ್ರೀಮಂತರ ಕಾಯಿಲೆ, ಉಂಡು ಮಲಗಿದವರ ಕಾಯಿಲೆ ಅಂತ ಅನೇಕರು ತಿಳಿದಿದ್ದಾರೆ. ಅರ್ಧ ಸತ್ಯ. 1930ರ ದಶಕದಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದಲ್ಲಿ, ಸಿಸಿಲಿ ವಿಲಿಯಮ್ಸ್ ಎಂಬ ಡಾಕ್ಟರು ಮಕ್ಕಳ ಒಂದು ಕಾಯಿಲೆಯನ್ನು ಗುರುತಿಸಿದರು. ಮುಸುಕಿನ ಜೋಳದ ಗಂಜಿ ಬಿಟ್ಟರೆ ಬೇರೇನೂ ಸಿಗದ ಮಕ್ಕಳು. ಕೈಕಾಲು ಊದಿಕೊಂಡಿವೆ, ಹೊಟ್ಟೆ ಮುಂದೆ ಬಂದಿದೆ, ಕಾರ್ಜದ ತುಂಬ ಕೊಬ್ಬು! ಅಲ್ಲಿನ ಗಾ ಭಾಷೆಯ ತಾಯಂದಿರು ಆ ಕಾಯಿಲೆಗೆ ಇಟ್ಟ ಹೆಸರನ್ನೇ ಆಕೆ ವೈದ್ಯ ಪತ್ರಿಕೆಯಲ್ಲಿ ಬರೆದರು: ಕ್ವಾಶಿಯೋರ್ಕರ್. ಬೆನ್ನಿಗೇ ಇನ್ನೊಂದು ಕೂಸು ಹುಟ್ಟಿ ಎದೆಹಾಲು ತಪ್ಪಿಸಿಕೊಂಡ ಮಗುವಿನ ಕಾಯಿಲೆ ಎಂದು ಅದರ ಅರ್ಥ. ಹೊಟ್ಟೆಗೆ ಪಿಷ್ಟ ಇದೆ, ಪ್ರೋಟೀನು ಇಲ್ಲ. ಕೊಬ್ಬನ್ನು ಕಾರ್ಜದಿಂದ ಹೊರಗೆ ಸಾಗಿಸೋ ಗಾಡಿ ಇಲ್ಲ. ನಮ್ಮ ಅಕ್ಕನ ಕಾಯಿಲೆ ಅದೇ ಎಂದು ನಾವು ಹೇಳುತ್ತಿಲ್ಲ. ಆದರೆ ಕಾರ್ಜಕ್ಕೆ ಕೊಬ್ಬು ತುಂಬುವುದು ಹೆಚ್ಚು ತಿಂದವರಿಗೆ ಮಾತ್ರ ಅಲ್ಲ, ತಿನ್ನಲೇಬೇಕಾದ್ದು ಸಿಗದವರಿಗೂ ಅದು ತುಂಬುತ್ತದೆ ಎಂಬುದನ್ನು ಆ ಮಕ್ಕಳು ತೋರಿಸಿದರು.

ಸಸ್ಯಾಹಾರಿಗಳಿಗೆ ಈ ಕಾಯಿಲೆ ಬರುವುದಿಲ್ಲವೇ? ನಮ್ಮ ದೇಶದ ಅಧ್ಯಯನಗಳನ್ನು ಕೂಡಿಸಿ 2022ರಲ್ಲಿ ಪ್ರಕಟವಾದ ಒಂದು ಲೆಕ್ಕದ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 38 ಮಂದಿಗೆ ಇದು ಇದೆ. ಅವರೆಲ್ಲ ಮಾಂಸ ತಿಂದವರೇನು? ತುಪ್ಪದ ಕೇಸರಿಬಾತು, ಮೈದಾ ಹೋಳಿಗೆ, ಎಣ್ಣೆ ಬೋಂಡ ತಿಂದು ಕೂತ ಮಡಿವಂತರ ಕಾರ್ಜವೂ ಸ್ಕ್ಯಾನಿನಲ್ಲಿ ಬೆಳ್ಳಗೇ ಕಾಣುತ್ತದೆ. ಸ್ಕ್ಯಾನ್ ಯಂತ್ರಕ್ಕೆ ಜನಿವಾರ ಕಾಣುವುದಿಲ್ಲ.

*

ಆದರೆ ಗಿಡದ ಊಟ ಈ ಕಾಯಿಲೆಗೆ ಒಳ್ಳೆಯದು ಎಂಬುದು ನಿಜ. ನಾವು ಅದನ್ನು ಒಪ್ಪುತ್ತೇವೆ, ಎದೆ ತಟ್ಟಿಯೇ ಒಪ್ಪುತ್ತೇವೆ. ಕಾಳು, ಸೊಪ್ಪು, ತರಕಾರಿ, ಹೊಟ್ಟು ತೆಗೆಯದ ಧಾನ್ಯ, ಕಡ್ಲೇಕಾಯಿ. ಇವುಗಳಲ್ಲಿ ನಾರು ಇದೆ, ನಾರು ಸಕ್ಕರೆಯನ್ನು ರಕ್ತಕ್ಕೆ ಮೆಲ್ಲಗೆ ಬಿಡುತ್ತದೆ. ಹೊಟ್ಟೆ ತುಂಬುತ್ತದೆ, ತೂಕ ಇಳಿಯುತ್ತದೆ. ಸ್ಥೂಲವಾಗಿರುವವರು ಮೈತೂಕದಲ್ಲಿ ನೂರಕ್ಕೆ ಐದು ಪಾಲು ಇಳಿಸಿದರೆ ಕಾರ್ಜದ ಕೊಬ್ಬು ಕರಗತೊಡಗುತ್ತದೆ, ಏಳರಿಂದ ಹತ್ತು ಪಾಲು ಇಳಿಸಿದರೆ ಊತವೂ ಇಳಿಯುತ್ತದೆ. ಅತಿಯಾಗಿ ಕೆಂಪು ಮಾಂಸ, ಡಬ್ಬಿ ಮಾಂಸ ತಿಂದರೆ ಕಾರ್ಜಕ್ಕೆ ಒಳ್ಳೆಯದಲ್ಲ ಎಂಬುದೂ ನಿಜ. ಅಮೆರಿಕದಲ್ಲಿ ಇದಕ್ಕೆಂದೇ ಒಪ್ಪಿಗೆ ಪಡೆದ ಮೊದಲ ಗುಳಿಗೆ ರೆಸ್ಮೆಟಿರಾಮ್ ಬಂದದ್ದು 2024ರ ಮಾರ್ಚಿನಲ್ಲಿ. ನಮ್ಮ ಕೇರಿಗೆ ಇವತ್ತಿಗೂ ಊಟ ಮತ್ತು ನಡಿಗೆಯೇ ಗುಳಿಗೆ.

ಆದರೆ ಈ ಗಿಡದ ಊಟ ಯಾರದು? ನಮ್ಮನ್ನು ಮಾಂಸ ತಿನ್ನೋರು, ಮಾಂಸ ತಿನ್ನೋರು ಅಂತ ಸಾವಿರ ವರ್ಷ ಬೈದರಲ್ಲ, ನಮ್ಮ ಅಜ್ಜಿಯರ ಒಲೆ ಮೇಲೆ ವರ್ಷದಲ್ಲಿ ಎಷ್ಟು ದಿನ ಮಾಂಸ ಬೆಂದಿದೆ? ಹಬ್ಬ, ಜಾತ್ರೆ, ತಿಥಿ, ಬೆರಳೆಣಿಕೆ. ಮಿಕ್ಕ ದಿನವೆಲ್ಲ ರಾಗಿ ಮುದ್ದೆ, ಉಪ್ಸಾರು, ಬಸ್ಸಾರು, ಹುರುಳಿಕಟ್ಟು, ಅವರೆಕಾಳು. ಕಳೆ ಕೀಳಲು ಹೋದ ಹೆಂಗಸರ ಮಡಿಲಲ್ಲಿ ಸಂಜೆಗೆ ಬೆರಕೆಸೊಪ್ಪು. ಅಣ್ಣೆಸೊಪ್ಪು, ಗಣಿಕೆಸೊಪ್ಪು, ಹೊನಗೊನ್ನೆ, ಕನ್ನೆಸೊಪ್ಪು, ಗೋಣಿಸೊಪ್ಪು. ಒಡೆಯನ ಹೊಲದಲ್ಲಿ ಅದು ಕಳೆ, ನಮ್ಮ ಮಡಕೆಯಲ್ಲಿ ಅದು ಊಟ. ಈ ದೇಶದಲ್ಲಿ ಗಿಡ ತಿಂದು ಬದುಕಿದವರು ಯಾರಾದರೂ ಇದ್ದರೆ ಅದು ಹೊಲಗೇರಿ ಮಾದಿಗರಕೇರಿಯವರು. ಅವರ ಸಸ್ಯಾಹಾರದಲ್ಲಿ ಹಾಲಿದೆ, ಮೊಸರಿದೆ, ಬೆಣ್ಣೆ ತುಪ್ಪ ಇದೆ. ಹಾಲು ಯಾವ ಗಿಡದಲ್ಲಿ ಬಿಡುತ್ತೆ ಸ್ವಾಮಿ? ನಮ್ಮವರು ಹಸು ಕಟ್ಟಿದರೂ ಹಾಲು ಬೆಳಗಿನ ಜಾವಕ್ಕೇ ಡೈರಿಗೆ ಹೋಗುತ್ತದೆ, ಸಾಲದ ಕಂತಿಗೆ. ಹಾಗಾಗಿ ಒಂದೇ ಚೀಟಿ, 'ಶುದ್ಧ ಸಸ್ಯಾಹಾರ', ಒಬ್ಬನ ತಟ್ಟೆಯಲ್ಲಿ ಮೊಸರು, ಪನೀರು, ಬಾದಾಮಿ ಆಗುತ್ತದೆ. ನಮ್ಮ ಅಕ್ಕನ ತಟ್ಟೆಯಲ್ಲಿ ಟೀ, ಬನ್ನು, ಬಿಳಿ ಅನ್ನ ಆಗುತ್ತದೆ.

ಕನಕದಾಸರ ರಾಮಧಾನ್ಯ ಚರಿತೆ ನಮ್ಮ ಮೇಷ್ಟರುಗಳಿಗೆ ಗೊತ್ತು. ಅಕ್ಕಿಗೂ ರಾಗಿಗೂ ಮೇಲು ಕೀಳಿನ ಜಗಳ. ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಹೊರಗೆ ಬಂದಾಗ ಅಕ್ಕಿ ಕೆಟ್ಟಿತ್ತು, ರಾಗಿ ಗಟ್ಟಿಯಾಗಿ ನಿಂತಿತ್ತು. ಧಾನ್ಯಕ್ಕೂ ಜಾತಿ ಹಚ್ಚಿದ ನಾಡಿದು ಎಂದು ಕನಕ ಆಗಲೇ ಕಂಡಿದ್ದರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಕೋಷ್ಟಕ ತೆಗೆದು ನೋಡಿ. ನೂರು ಗ್ರಾಂ ರಾಗಿಯಲ್ಲಿ ನಾರು 11 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ ಮೂರಕ್ಕೂ ಕಮ್ಮಿ. ರಾಗಿಯಲ್ಲಿ ಸುಣ್ಣದಂಶ 364 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತೂ ಇಲ್ಲ. ಹುರುಳಿಯಲ್ಲಿ ಪ್ರೋಟೀನು 21 ಗ್ರಾಂ ಮೇಲೆ. ಕುದುರೆಗೆ ಹಾಕೋದು ಅಂತ ನಕ್ಕರಲ್ಲ, ಆ ಹುರುಳಿ!

ನಾವು ಹಾಸ್ಟೆಲಿನಲ್ಲಿ ಬೆಳೆದವರು. ಮುದ್ದೆ ನುಂಗುವುದನ್ನು ನೋಡಿ ನಕ್ಕವರ ಎದುರು ಮುದ್ದೆ ಬಿಟ್ಟವರು. ಅನ್ನ ತಿಂದರೆ ಮರ್ಯಾದೆ ಎಂದು ನಂಬಿದವರು. ಈಗ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಎಂದು ಆಚರಿಸಿದ ಮೇಲೆ ಅದೇ ನಗುವ ಮಂದಿ ಬೆಂಗಳೂರಿನಲ್ಲಿ ಬಣ್ಣದ ಪೊಟ್ಟಣದಲ್ಲಿ ರಾಗಿ ಕೊಂಡು ಆರೋಗ್ಯ, ಆರೋಗ್ಯ ಅನ್ನುತ್ತಾರೆ. ನಮ್ಮ ಊಟ ಅವರ ಅಂಗಡಿಗೆ ಹೋಯಿತು. ಅವರ ಮೈದಾ ನಮ್ಮ ಕೇರಿಗೆ ಬಂತು.

ಅಕ್ಕಿಯನ್ನು ನಾವು ಹಳಿಯುತ್ತಿಲ್ಲ. 2013ರಲ್ಲಿ ಅನ್ನಭಾಗ್ಯ ಬಂದಾಗ ನಮ್ಮ ಕೇರಿಯ ಎಷ್ಟೋ ಒಲೆಗಳು ಹೊತ್ತಿದವು. ಸೋಮಾರಿಗಳಾಗ್ತಾರೆ ಎಂದು ಕೂಗಿದ ಜಮೀನ್ದಾರರ ಜತೆ ನಾವು ಎಂದೂ ನಿಲ್ಲುವವರಲ್ಲ. ನಮ್ಮ ಪ್ರಶ್ನೆ ಬೇರೆ: ಬರೀ ಅಕ್ಕಿ ಯಾಕೆ? ಅಕ್ಕಿಯ ಮೈ ಉಜ್ಜಿ ಉಜ್ಜಿ ತೆಗೆದ ತೌಡು ಎಲ್ಲಿಗೆ ಹೋಯಿತು? 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದದ್ದಕ್ಕೆ ನಾಡೆಲ್ಲ ಹತ್ತಿ ಉರಿಯಿತು, ಅವರ ಮಂತ್ರಿಗಿರಿ ಹೋಯಿತು, ನಮ್ಮ ಹುಡುಗರು ಹಾಸ್ಟೆಲುಗಳಲ್ಲಿ ಏಟು ತಿಂದರು. ಇವತ್ತು ನೋಡಿ, ಧಾನ್ಯದ ಸತ್ವವೆಲ್ಲ ಆ ಬೂಸಾದಲ್ಲೇ ಇದೆ. ಅದು ದನದ ಬಾನಿಗೆ ಹೋಗುತ್ತದೆ, ಬೆಳ್ಳಗಿನ ಹಿಟ್ಟು ನಮ್ಮ ಹೊಟ್ಟೆಗೆ ಬೀಳುತ್ತದೆ. ಐಸಿಎಂಆರ್ ನಡೆಸಿದ ದೇಶದ ಅಧ್ಯಯನ 2025ರಲ್ಲಿ ಹೇಳಿತು: ಭಾರತೀಯರ ಊಟದ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ, ಸಕ್ಕರೆಯಿಂದಲೇ ಬರುತ್ತದೆ. ಕಾರ್ಜಕ್ಕೆ ಕೊಬ್ಬು ತುಂಬಿದ್ದು ತಿಂಗಳಿಗೊಮ್ಮೆಯ ಪಾಲು ಮಾಂಸವೋ, ದಿನಕ್ಕೆ ಮೂರು ಸಲದ ಈ ಬಿಳುಪೋ?

*

ಗಿಡ ತಿನ್ನಿ ಅಂತೀರಿ. ಗಿಡ ಬೆಳೆಯೋದು ಚೀಟಿಯಲ್ಲಲ್ಲ, ನೆಲದಲ್ಲಿ. ನೆಲ ಎಲ್ಲಿದೆ?

ನಮ್ಮ ವಕ್ಕಲೇರಿಯ ಹೆಸರು ಚರಿತ್ರೆಯ ಪುಸ್ತಕದಲ್ಲಿ ಇರುವುದು ಒಂದು ತಾಮ್ರಶಾಸನದಿಂದ. ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮನ ಕಾಲದ್ದು, ಕ್ರಿ.ಶ. 757. ಏನಿದೆ ಅದರಲ್ಲಿ? ರಾಜರ ಹೊಗಳಿಕೆ, ಆಮೇಲೆ ಒಬ್ಬ ಬ್ರಾಹ್ಮಣನಿಗೆ ಊರೊಂದನ್ನು ದಾನ ಕೊಟ್ಟ ಮಾತು. ಶಾಸನ ಸಿಕ್ಕಿದ್ದು ನಮ್ಮೂರಲ್ಲಿ, ದಾನ ಹೋದದ್ದು ಬೇರೆಲ್ಲಿಯದೋ ಊರು. ಉತ್ತವರ ಹೆಸರು ಅದರಲ್ಲಿಲ್ಲ, ಉಂಡವರ ಹೆಸರಿದೆ. ಅಂದಿನಿಂದ ನೆಲ ಬರೆದುಕೊಟ್ಟದ್ದೆಲ್ಲ ಹೀಗೇ.

ಸ್ವತಂತ್ರ ಬಂತು. ದರಖಾಸ್ತು ಭೂಮಿ ಸಿಕ್ಕಿತು, ಸಾಲಕ್ಕೆ ಹೋಯಿತು. ಹೋದ ಭೂಮಿ ಹಿಂದಕ್ಕೆ ಕೊಡಿಸುತ್ತೇವೆಂದು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು, ನಮ್ಮ ಅಪ್ಪಂದಿರು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲ ತಂದು ಸಾಮಾಜಿಕ ಅರಣ್ಯ ಎಂದರು. ಕೋಲಾರದ ಬಯಲಲ್ಲಿ ರಾಗಿ, ಅವರೆ, ಹುಚ್ಚೆಳ್ಳು ಬೆಳೆಯುತ್ತಿದ್ದ ಹೊಲಕ್ಕೆ ನೀಲಗಿರಿ ಬಂತು. ನೀಲಗಿರಿಗೆ ಕಳೆ ಕೀಳುವ ಕೂಲಿ ಬೇಡ, ಕೊಯ್ಯುವ ಕೂಲಿ ಬೇಡ. ಅದರ ಬುಡದಲ್ಲಿ ಅಣ್ಣೆಸೊಪ್ಪು ಹುಟ್ಟುವುದಿಲ್ಲ, ಅದರ ಎಲೆಯನ್ನು ಮೇಕೆಯೂ ಮೂಸುವುದಿಲ್ಲ. ಮರ ಲಾರಿ ಹತ್ತಿ ಕಾಗದದ ಕಾರ್ಖಾನೆಗೆ, ರೇಯಾನಿನ ಕಾರ್ಖಾನೆಗೆ ಹೋಯಿತು. ಇನ್ನು ನೀಲಗಿರಿ ನೆಡಬಾರದು ಎಂದು ಸರ್ಕಾರಕ್ಕೆ ಬುದ್ಧಿ ಬಂದದ್ದು 2017ರಲ್ಲಿ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು, ದುಡ್ಡಿದ್ದವನು ಯಾರಾದರೂ ಹೊಲ ಕೊಳ್ಳಬಹುದು ಎಂದರು. ಹೊಲಕ್ಕೆ ಕಾಂಪೌಂಡು ಬಂತು. ಕಾಂಪೌಂಡಿನೊಳಗೆ ಸೊಪ್ಪು ಕೀಳಲು ಹೋದರೆ ಕಳ್ಳತನ.

ಉಳಿದ ಹೊಲ ಟೊಮೆಟೊ. ಸಾವಿರ ಅಡಿ ಕೊರೆದ ಬೋರುವೆಲ್ಲು, ವಾರಕ್ಕೆರಡು ಸಲ ಔಷಧಿ. ಕಳೆನಾಶಕ ಹೊಡೆದರೆ ಮೊದಲು ಸಾಯುವುದು ನಮ್ಮ ಬೆರಕೆಸೊಪ್ಪು. 2018ರ ಜೂನಿನಲ್ಲಿ ಬೆಂಗಳೂರಿನ ಚರಂಡಿ ನೀರನ್ನು ಸಂಸ್ಕರಿಸಿ ಕೆಸಿ ವ್ಯಾಲಿ ಯೋಜನೆಯಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿಟ್ಟರು, ಅಲ್ಲಿಂದ ಕೆರೆ ಕೆರೆಗೆ ಹರಿಯಿತು. ನೀರಿಲ್ಲದ ಜಿಲ್ಲೆ, ಬತ್ತಿದ ಬಾವಿಗೆ ಒರತೆ ಬಂತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ನೀರಿಗೆ ಮಾಡುತ್ತಿದ್ದದ್ದು ಎರಡೇ ಹಂತದ ಶುದ್ಧಿ. ಮೂರನೇ ಹಂತ ಬೇಕು ಎಂದು ರೈತರು ಕೂಗುತ್ತಲೇ ಬಂದರು. ನೋಡಿ ತಮಾಷೆ! ನಮ್ಮ ಬಾಯಿಗೆ ಪೂರಾ ಶುದ್ಧಿ ಬೇಕು, ನಮ್ಮ ಕೆರೆಗೆ ಮುಕ್ಕಾಲು ಶುದ್ಧಿ ಸಾಕು!

*

ಈಗ ಮಾಂಸದ ಮಾತು. ತಪ್ಪಿಸಿಕೊಂಡು ಹೋಗುವುದು ಬೇಡ.

1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದು ನಮ್ಮವರಿಗೆ ಕರೆ ಕೊಟ್ಟರು. ನಮ್ಮವರು ಬಿಟ್ಟರು. ಯಾಕೆ? ಅದು ಊರವರು ಎಸೆದದ್ದು, ಅದನ್ನು ತಿನ್ನುವುದರಲ್ಲಿ ಗುಲಾಮಗಿರಿ ಇತ್ತು. ಬಿಡಿ ಎಂದವರು ನಮ್ಮವರು, ಕಾರಣ ನಮ್ಮ ಘನತೆ. ಅದೇ ಬಾಬಾಸಾಹೇಬರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ, ಒಂದು ಕಾಲಕ್ಕೆ ಗೋಮಾಂಸ ತಿಂದವರೇ ಬೌದ್ಧರನ್ನು ಮೀರಿಸಲು ಸಸ್ಯಾಹಾರಿಗಳಾದರು, ತಿನ್ನುತ್ತಾ ಉಳಿದವರನ್ನು ಅಸ್ಪೃಶ್ಯರನ್ನಾಗಿಸಿದರು ಎಂದು ವಾದಿಸಿದರು. ಅಂದರೆ ಸಸ್ಯಾಹಾರ ಎಂಬುದು ಈ ನೆಲದಲ್ಲಿ ಬರೀ ಊಟವಾಗಿ ಎಂದೂ ಇರಲಿಲ್ಲ, ಅದು ಕೇರಿಯ ಗೋಡೆಯೂ ಆಗಿತ್ತು.

ಆ ಗೋಡೆಗೆ 2020ರಲ್ಲಿ ಸರ್ಕಾರ ಹೊಸ ಗಾರೆ ಮೆತ್ತಿತು. ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ. ಹಸು, ಎತ್ತು, ಕರು ಯಾವುದನ್ನೂ ಕಡಿಯುವಂತಿಲ್ಲ, ಎಮ್ಮೆಗೆ 13 ವರ್ಷ ತುಂಬಬೇಕು. ತಪ್ಪಿದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 50 ಸಾವಿರ ದಂಡ. ಬಡವನಿಗೆ ಕೈಗೆಟುಕುತ್ತಿದ್ದ ಪ್ರೋಟೀನು ಪೊಲೀಸ್ ಠಾಣೆಯ ವಸ್ತುವಾಯಿತು. 2021ರ ಡಿಸೆಂಬರಿನಲ್ಲಿ ಏಳು ಹಿಂದುಳಿದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಹೊರಟರೆ ಮಠಾಧಿಪತಿಗಳು ಎದ್ದು ನಿಂತರು. ಮಕ್ಕಳು ಮೊಟ್ಟೆ ಬೇಕೇ ಬೇಕು ಎಂದರು. ಕೊನೆಗೆ ಗೆದ್ದದ್ದು ಮಕ್ಕಳು. ಮೊಟ್ಟೆ ರಾಜ್ಯಕ್ಕೆಲ್ಲ ಬಂತು, 2024ರಲ್ಲಿ ವಾರಕ್ಕೆ ಆರು ದಿನಕ್ಕೆ ಏರಿತು. ಮೊಟ್ಟೆಯ ಹಳದಿಯಲ್ಲಿ ಕೋಲೀನ್ ಎಂಬ ಸತ್ವ ಇದೆ. ಕಾರ್ಜದಿಂದ ಕೊಬ್ಬನ್ನು ಹೊರಗೆ ಸಾಗಿಸಲು ಬೇಕಾದದ್ದೇ ಅದು! ನಮ್ಮ ಅಕ್ಕ ವಾರಕ್ಕೆರಡು ಸಲ ತಿನ್ನುತ್ತಿದ್ದ ಮೊಟ್ಟೆಯನ್ನು ಶುದ್ಧ ಎಂಬ ಪದ ಕಿತ್ತುಕೊಂಡಿತ್ತು.

ಮಾಂಸ ಕಮ್ಮಿ ಮಾಡಿ ಎಂದು ಡಾಕ್ಟರು ಒಬ್ಬ ರೋಗಿಗೆ ಕಾರಣ ಹೇಳಿ ತಿಳಿಸಿದರೆ ಅದು ವೈದ್ಯ. ನಿಮ್ಮೋರೇ ಹೀಗೆ ಎಂದರೆ ಅದು ಮನುಧರ್ಮ. ಎರಡರ ನಡುವಿನ ಗೆರೆಯನ್ನು ನಮ್ಮ ಜನ ಗುರುತಿಸಬೇಕು, ಡಾಕ್ಟರುಗಳೂ ಗುರುತಿಸಬೇಕು.

*

ಇಷ್ಟು ಹೇಳಿ ಬೆರಳನ್ನು ನಮ್ಮ ಕಡೆಗೂ ತಿರುಗಿಸಬೇಕು. ಇಲ್ಲದಿದ್ದರೆ ಇದು ಅರ್ಧ ಬರಹ.

ನಮ್ಮ ಸಭೆಗಳಲ್ಲಿ ಏನು ಕೊಡುತ್ತೇವೆ? ಮೂರು ಸಲ ಸಕ್ಕರೆ ಟೀ, ಕ್ರೀಮು ಬಿಸ್ಕತ್ತು. ಅಂಬೇಡ್ಕರ್ ಜಯಂತಿಗೆ ಲಾಡು, ಬಣ್ಣದ ಪಾನಕ, ಬಾಟಲಿ ಕೋಲಾ. ಮಾಂಸ ನಮ್ಮ ಹಕ್ಕು ಎಂದು ಭಾಷಣ ಮಾಡಿ, ತುಂಡಿಗಿಂತ ಬಿಳಿ ಅನ್ನ, ಡಾಲ್ಡ ಜಾಸ್ತಿ ಇರುವ ಬಿರಿಯಾನಿ ತಿನ್ನುತ್ತೇವೆ. ಹಕ್ಕು ಸರಿ. ಹಕ್ಕು ಚಲಾಯಿಸೋಕೆ ಕಾರ್ಜ ಉಳಿಯಬೇಕಲ್ಲ! ನರಸಾಪುರದ ಕಾರ್ಖಾನೆಗಳಿಗೆ ರಾತ್ರಿ ಪಾಳಿಗೆ ಹೋಗುವ ನಮ್ಮ ತಮ್ಮಂದಿರು ನಿದ್ದೆ ತಡೆಯಲು ಸಕ್ಕರೆ ನೀರಿನ ಬಾಟಲಿ ಕುಡಿಯುತ್ತಾರೆ, ಮುಂಜಾನೆ ಪಫ್ಸು ತಿಂದು ಮಲಗುತ್ತಾರೆ. ಮೈ ಸಣ್ಣ, ಹೊಟ್ಟೆ ಮಾತ್ರ ಮುಂದೆ. ತೆಳ್ಳಗಿದ್ದೀವಿ, ನಮಗೇನು ಎಂದುಕೊಳ್ಳುವುದು ತಪ್ಪು. ನಮ್ಮ ದೇಶದವರಿಗೆ ತೆಳ್ಳಗಿದ್ದರೂ ಇದು ಬರುತ್ತದೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರು ದಾಟಿದರೆ ಎಚ್ಚರ.

ಕುಡಿತದ ಮಾತು ಮುಚ್ಚಿಡಬಾರದು. ಸಾರಾಯಿಯೂ ಸಸ್ಯಾಹಾರವೇ, ಕಬ್ಬಿನ ಕಾಕಂಬಿಯಿಂದ ಬಂದದ್ದು! ಅದೂ ಕಾರ್ಜಕ್ಕೆ ಕೊಬ್ಬು ತುಂಬಿಯೇ ಕೊಲ್ಲುವುದನ್ನು ಶುರುಮಾಡುತ್ತದೆ. 1980ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ 'ಹೆಂಡ ಬೇಡ, ವಸತಿ ಶಾಲೆ ಬೇಕು' ಎಂದು ಬೀದಿಗೆ ಬಂತು. ವಸತಿ ಶಾಲೆ ಬಂತು, ಅದರಿಂದಲೇ ನಾವು ಇವತ್ತು ಬರೆಯುತ್ತಿರುವುದು. ಹೆಂಡ ಹೋಗಲಿಲ್ಲ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು, ಅದರ ಜಾಗಕ್ಕೆ ಕಾಗದದ ಪೊಟ್ಟಣದ ಬ್ರಾಂದಿ, ವಿಸ್ಕಿ ಬಂದು ಕೂತಿತು. ಇದನ್ನು ನಮ್ಮ ಸಂಸ್ಕೃತಿ ಎಂದು ಯಾರಾದರೂ ಗೆಳೆಯ ಕವಿತೆ ಬರೆದರೆ, ಅವನನ್ನು ನಮ್ಮ ಕೇರಿಯ ವಿಧವೆಯರ ಮುಂದೆ ಓದಲು ಕರೆಯಿರಿ.

ಇನ್ನೊಂದು. ಲಿವರ್ ಪುಡಿ, ಲಿವರ್ ಕಷಾಯ ಎಂದು ಮಾರುವವರನ್ನು ನಂಬಬೇಡಿ. ಗಿಡದ್ದಾದರೆ ಕೇಡಿಲ್ಲ ಅನ್ನೋದು ಸುಳ್ಳು. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಕಾರ್ಜಕ್ಕೇ ಏಟು ಬಿದ್ದದ್ದನ್ನು 2021ರಲ್ಲಿ ಮುಂಬೈಯ ಡಾಕ್ಟರುಗಳು ವರದಿ ಮಾಡಿದ್ದಾರೆ.

*

ಅಕ್ಕ ತಲೆ ಸುತ್ತಿ ಬಿದ್ದ ಮೇಲೆ ಅವಳನ್ನು ನಾವು ಇನ್ನೊಬ್ಬ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಆಕೆ ಕೇರಿ ಕೇಳಲಿಲ್ಲ. "ದಿನಕ್ಕೆ ಎಷ್ಟು ಟೀ? ಒಂದಕ್ಕೆ ಎಷ್ಟು ಚಮಚ?" ಎಂದು ಕೇಳಿದರು. ಅಕ್ಕ ಬೆರಳು ಮಡಚಿ ಎಣಿಸಿದಳು. ನಾಲ್ಕು ಟೀ, ಮೂರು ಮೂರು ಚಮಚ. ಹನ್ನೆರಡು ಚಮಚ, ಹತ್ತಿರ ಹತ್ತಿರ 50 ಗ್ರಾಂ ಸಕ್ಕರೆ. ಬನ್ನು, ರಸ್ಕಿನೊಳಗಿನದು ಬೇರೆ. ದಿನಕ್ಕೆ 25-30 ಗ್ರಾಂ ದಾಟಬಾರದು ಎಂದು ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೇಳಿದೆ. ಡಾಕ್ಟರಮ್ಮ ಹೇಳಿದ್ದು ಇಷ್ಟು: ಟೀ ಎರಡಕ್ಕೆ ಇಳಿಸು, ಸಕ್ಕರೆ ಬಿಡುತ್ತಾ ಬಾ. ಬನ್ನು, ರಸ್ಕು ಬೇಡ. ರಾಗಿ ಒಳ್ಳೆಯದು ಅಂತ ಮೂರು ದೊಡ್ಡ ಮುದ್ದೆ ನುಂಗಬೇಡ, ಒಂದು ಸಾಕು, ಸಾರಲ್ಲಿ ಕಾಳು ಜಾಸ್ತಿ ಇರಲಿ. ಹುರುಳಿ, ಅವರೆ, ಅಲಸಂದೆ ಮೊಳಕೆ ಕಟ್ಟು. ದಿನಾ ಸೊಪ್ಪು. ಮೊಟ್ಟೆ ತಿನ್ನು, ಮೀನು ಸಿಕ್ಕಿದರೆ ತಿನ್ನು. ರಕ್ತದ ಗುಳಿಗೆ ತಪ್ಪಿಸಬೇಡ.

ಅಷ್ಟೇ. ಇದರಲ್ಲಿ ಮುಕ್ಕಾಲು ಪಾಲು ಅಕ್ಕನ ಅಜ್ಜಿಯ ಅಡುಗೆ.

ಆದರೆ ಕಾಳಿನ ಬೆಲೆ ಏನು? ಸೊಪ್ಪು ಕೀಳುವ ಬದು ಎಲ್ಲಿ? ಅದಕ್ಕೇ ಇದು ಒಬ್ಬಳು ಅಕ್ಕನ ಊಟದ ಪ್ರಶ್ನೆಯಾಗಿ ಮುಗಿಯುವುದಿಲ್ಲ. ನಾವು ಕೇಳುತ್ತೇವೆ: ಪಡಿತರದಲ್ಲಿ ಅಕ್ಕಿಯ ಜತೆ ರಾಗಿ ಮಾತ್ರವಲ್ಲ, ಹುರುಳಿ, ಅವರೆ, ತೊಗರಿ ಬರಲಿ, ಅದನ್ನು ನಮ್ಮ ಜಿಲ್ಲೆಯ ಸಣ್ಣ ಹಿಡುವಳಿದಾರರಿಂದ ಬೆಂಬಲ ಬೆಲೆಗೆ ಕೊಳ್ಳಲಿ. ಶಾಲೆಯ ಮೊಟ್ಟೆ ಮಠದ ಕೃಪೆಯಲ್ಲ, ಮಕ್ಕಳ ಹಕ್ಕು. ಹಾಸ್ಟೆಲಿನಲ್ಲೂ ಅದು ದಿನಾ ಇರಲಿ. ಭೂಮಿ ಇಲ್ಲದ ಪ್ರತಿ ಮನೆಗೆ ಗೋಮಾಳದಲ್ಲಿ ಸೊಪ್ಪು, ಕಾಳು ಬೆಳೆಯುವಷ್ಟಾದರೂ ನೆಲ ಬರಲಿ. ಕೆರೆಗೆ ಮೂರನೇ ಹಂತದ ಶುದ್ಧಿಯ ನೀರು ಬರಲಿ, ಆ ನೀರಿನ, ಅಲ್ಲಿ ಬೆಳೆದ ಸೊಪ್ಪಿನ ಪರೀಕ್ಷೆಯ ಫಲಿತಾಂಶ ಪಂಚಾಯ್ತಿ ಗೋಡೆ ಮೇಲೆ ಕನ್ನಡದಲ್ಲಿ ಬರಲಿ. 2021ರಲ್ಲಿ ಕೇಂದ್ರ ಸರ್ಕಾರ ಈ ಕಾಯಿಲೆಯನ್ನು ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಸೇರಿಸಿದ್ದು ಕಾಗದದ ಮೇಲಾದರೆ ಸಾಲದು, ಹೋಬಳಿ ಆಸ್ಪತ್ರೆಯಲ್ಲಿ ಸ್ಕ್ಯಾನು, ರಕ್ತ ಪರೀಕ್ಷೆ ಪುಕ್ಕಟೆ ಆಗಲಿ.

ಹಳ್ಳಿ ಮೇಷ್ಟರುಗಳಿಗೆ ಒಂದು ಮಾತು. ನಿಮ್ಮ ಮಕ್ಕಳಿಗೆ ಹೇಳಿ, ಅಜ್ಜಿಯ ಜತೆ ಹೊಲಕ್ಕೆ ಹೋಗಿ ತಿನ್ನುವ ಸೊಪ್ಪಿನ ಹೆಸರೆಲ್ಲ ಬರೆದು ತರಲಿ. ಯಾವುದನ್ನು ಯಾವ ತಿಂಗಳು ತಿನ್ನಬೇಕು, ಯಾವುದನ್ನು ಮುಟ್ಟಬಾರದು, ಎಲ್ಲ. ಪಠ್ಯಪುಸ್ತಕ ಬರೆದವರಿಗೆ ಗೊತ್ತಿಲ್ಲದ ವಿದ್ಯೆ ಅದು. ಬರೆದವರ ಹೆಸರಿಲ್ಲದ ಶಾಸನ.

ಅಕ್ಕ ಈಗ ಕೂಲಿಗೆ ಹೋಗುತ್ತಿದ್ದಾಳೆ. ತಲೆ ಸುತ್ತಿಲ್ಲ. ಕಾರ್ಜ ಎಷ್ಟು ಸುಧಾರಿಸಿದೆಯೋ ನೋಡಬೇಕೆಂದರೆ ಇನ್ನೊಂದು ಸ್ಕ್ಯಾನಿಗೆ ದುಡ್ಡು ಇನ್ನೂ ಕೂಡಿಲ್ಲ. ಮೊನ್ನೆ ದೇವರ ಪಟದ ಹಿಂದಿನಿಂದ ಆ ಹಳೇ ಚೀಟಿ ತೆಗೆದು ಕೊಟ್ಟಳು, ಏನ್ ಮಾಡೋದು ಇದನ್ನ ಅಂತ. ನಾವು ಪೆನ್ನು ತೆಗೆದು ಮೊದಲನೆಯ ಪದವನ್ನು ಹೊಡೆದು ಹಾಕಿದೆವು. ಎರಡನೆಯದನ್ನು ಉಳಿಸಿಕೊಂಡೆವು, ಅದು ಮೊದಲಿಂದ ನಮ್ಮದೇ.

ನಿಮ್ಮ ಕೇರಿಗಳಲ್ಲೂ ಇಂಥ ಚೀಟಿಗಳಿರುತ್ತವೆ. ತೆಗೆದು ನೋಡಿ.